ಪಂಜು ಹೋದ ವಾರ

ಮಂಗಳವಾರ ಬೆಳಿಗ್ಗೆ ಎಷ್ಟು ಬಡಿದರೂ ನಮ್ಮ ಮನೆಯ ಬಚ್ಚಲಿನ ಬಾಗಿಲು ತೆರೆಯಲಿಲ್ಲ.

ಒಳಗೆ ನಲ್ಲಿ ಜೋರಾಗಿ ಸುರಿಯುತ್ತಿತ್ತು. ಅದರ ಸದ್ದಿನ ಹಿಂದೆ ಮಗಳು ಅಳುತ್ತಿರುವುದು ಕೇಳಿಸುತ್ತಿತ್ತು. ಇಪ್ಪತ್ತು ವರ್ಷದ ಹುಡುಗಿ ಬಾಗಿಲು ಹಾಕಿಕೊಂಡು ಅತ್ತರೆ ತಾಯಿಯ ತಲೆಯಲ್ಲಿ ಏನೇನು ಓಡುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಾ? ಪರೀಕ್ಷೆ, ಹುಡುಗ, ಆಸ್ಪತ್ರೆ ಎಲ್ಲ ಒಂದು ಸುತ್ತು ಬಂದು ಹೋದವು.

ಕೊನೆಗೆ ಬಾಗಿಲು ತೆಗೆದಳು. ಕಣ್ಣು ಊದಿತ್ತು.

‘ಪ... ಪ... ಪಂಜು ಹೋಗ್ಬುಟ್ಟ ಅಮ್ಮ.’

ಪಂಜು ನಮ್ಮ ನೆಂಟನಲ್ಲ. ಅಕ್ಕಪಕ್ಕದವನಲ್ಲ. ಇವಳ ಕ್ಲಾಸ್‌ಮೇಟೂ ಅಲ್ಲ. ಬನ್ನಿಮಂಟಪದ ಕಡೆಯ ಒಬ್ಬ ರ್‍ಯಾಪರ್. ಹಗಲು ಕೊರಿಯರ್ ಹಂಚುತ್ತಿದ್ದ, ಉಳಿದ ಹೊತ್ತಿನಲ್ಲಿ ಹಾಡು ಕಟ್ಟಿ ಇಂಟರ್ನೆಟ್ಟಿಗೆ ಹಾಕುತ್ತಿದ್ದ. ಮನೆಯವರು ಇಟ್ಟ ಹೆಸರು ಮಂಜು. ದಸರೆಯ ಪಂಜಿನ ಕವಾಯತು ನಡೆಯುವ ಮೈದಾನದ ಪಕ್ಕ ಬೆಳೆದವನು, ಒಂದಕ್ಷರ ತಿದ್ದಿಕೊಂಡು ಪಂಜು ಆದ. ಇಪ್ಪತ್ತಾರು ವಯಸ್ಸು. ಹಿಂದಿನ ಸಂಜೆ ಎದೆನೋವು ಅಂದವನನ್ನು ಆಟೋ ಹತ್ತಿಸುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ.

‘ಅವಳ ದೊಡ್ಡಪ್ಪ ಹೋದಾಗ್ಲೂ ಇವಳು ಇಷ್ಟು ಅಳ್ಲಿಲ್ಲ ಕಣೇ’ ಅಂದರು ನಮ್ಮ ಯಜಮಾನರು, ಪೇಪರ್ ಮಡಿಸುತ್ತಾ. (ಪಾಪ, ದೊಡ್ಡಪ್ಪ ಅವರ ಸ್ವಂತ ಅಣ್ಣ.)

ಯಾರೋ ಹಾಡೋನು ಸತ್ತರೆ ಇವರಿಗೇನು ಅಂತ ನಿಮಗೂ ಅನ್ನಿಸಬಹುದು. ಒಂದು ನಿಮಿಷ. ನಮ್ಮ ಕಾಲದ ನಟರು ಹೋದಾಗ ಊರಿಗೆ ಊರೇ ಅಂಗಡಿ ಮುಚ್ಚಲಿಲ್ಲವಾ? ಅವರನ್ನು ನಾವೇನು ಮನೆಗೆ ಕರೆದು ಊಟ ಹಾಕಿದ್ದೆವಾ?

ನನ್ನ ಮಗಳ ವಿಷಯ ಸ್ವಲ್ಪ ಬೇರೆ. ಸಹನಾಗೆ ಚಿಕ್ಕಂದಿನಿಂದ ಉಗ್ಗು. ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಾಯಿತು, ಸ್ಪೀಚ್ ಥೆರಪಿಗೆ ಅಲೆದದ್ದಾಯಿತು. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ ಗೊತ್ತಿಲ್ಲ ಅಂತ ತಲೆಯಾಡಿಸುತ್ತಿದ್ದಳು. ಅಂಗಡಿಯಲ್ಲಿ ತನಗೆ ಬೇಕಾದದ್ದನ್ನು ಬೆರಳು ತೋರಿಸಿ ತರುತ್ತಿದ್ದಳು. ತಾಳದ ಜೊತೆ ಮಾತು ಸಲೀಸಾಗಿ ಬರುತ್ತದೆ, ಪದ್ಯ ಹೇಳಿಸಿ ಅಂತ ಥೆರಪಿಯವರು ಹೇಳಿದ್ದರು. ಪದ್ಯ ಅಂದರೆ ಎದ್ದು ಹೋಗುತ್ತಿದ್ದಳು.

ಪಿಯುಸಿ ಓದುವಾಗ ಒಂದು ಮಧ್ಯಾಹ್ನ ಬಟ್ಟೆ ಒಣಗಿಸಲು ಟೆರೇಸಿಗೆ ಹೋದೆ. ನೀರಿನ ಟ್ಯಾಂಕಿನ ಹಿಂದೆ ಯಾರೋ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಮಾತಾಡುತ್ತಿದ್ದರು. ಬಗ್ಗಿ ನೋಡಿದೆ. ಸಹನಾ!

‘ಬಾಯ್ ಬುಡು ಬಾಯ್ ಬುಡು ಅಂದ್ರಿ, ಬುಟ್ಟೆ ನೋಡಿ ಈಗ
ನಿಮ್ ಕಿವೀಗ್ ಯಾರಣ್ಣ ಆಕುದ್ರು ಬೀಗ?’

ಒಂದೇ ಒಂದು ಅಕ್ಷರ ತಡೆಯಲಿಲ್ಲ. ಒದ್ದೆ ಬಟ್ಟೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ.

ಅದು ಪಂಜುವಿನ ಹಾಡಂತೆ. ಅವತ್ತಿನಿಂದ ಅವನೂ ನಮ್ಮ ಮನೆಗೆ ಸೇರಿದ. ಉಗ್ಗು ಹೋಗಲಿಲ್ಲ. ಆದರೆ ಅದರ ಹೆದರಿಕೆ ಹೋಯಿತು. ಬಂದ ಫೋನ್ ಎತ್ತತೊಡಗಿದಳು. ಮೀಟರ್ ಹಾಕದ ಆಟೋದವರ ಜೊತೆ ತಡೆದು ತಡೆದೇ ಜಗಳ ಆಡಿ ಗೆದ್ದು ಬರುತ್ತಿದ್ದಳು. ಅಂಥವನು ಹೋದ ಅಂದರೆ?

ಎರಡು ದಿನ ಕಾಲೇಜಿಗೆ ಹೋಗಲಿಲ್ಲ. ಕಾಲೇಜಿನಿಂದ ಮೇಡಂ ಫೋನ್ ಮಾಡಿದರು. ಯಾರೋ ತೀರಿಕೊಂಡಿದ್ದಾರೆ ಅಂದೆ.

‘ಅಯ್ಯೋ, ಏನಾಗ್ಬೇಕಿತ್ತು ನಿಮಗೆ?’

ತಡವರಿಸುವ ಸರದಿ ನನ್ನದಾಯಿತು. ‘ಬೇಕಾದವರು’ ಅಂದೆ.

ಗುರುವಾರ ಸಂಜೆ ಅಭಿಮಾನಿಗಳು ಅವನ ಮನೆಯ ಹತ್ತಿರ ಸೇರುತ್ತಾರೆ ಅಂತ ಗೊತ್ತಾಯಿತು. ಇವಳನ್ನು ಒಬ್ಬಳೇ ಕಳಿಸಲು ಮನಸ್ಸಾಗಲಿಲ್ಲ. ಕೃಷ್ಣಮೂರ್ತಿಪುರದಿಂದ ಬನ್ನಿಮಂಟಪದವರೆಗೂ ನಾನೇ ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಹೋದೆ.

ಚಿಕ್ಕ ರಸ್ತೆ. ರಸ್ತೆ ತುಂಬ ಹುಡುಗ ಹುಡುಗಿಯರು. ಟೋಪಿ ತಿರುಗಿಸಿ ಹಾಕಿಕೊಂಡು ನಗುತ್ತಿದ್ದ ಪಂಜುವಿನ ಫೋಟೋಗೆ ಸುಗಂಧರಾಜದ ಹಾರ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನ ತಾಯಿ ರತ್ನಮ್ಮ. ಬಂದವರಿಗೆ ಏನು ಮಾಡಬೇಕೋ ತಿಳಿಯದು. ಕಾಲಿಗೆ ನಮಸ್ಕಾರ ಮಾಡಬೇಕೋ, ಕೈ ಹಿಡಿದುಕೊಳ್ಳಬೇಕೋ? ಇಂಥ ಸಾವಿಗೆ ಹೇಗೆ ಹೋಗಬೇಕು ಅಂತ ಈ ಮಕ್ಕಳಿಗೆ ನಾವ್ಯಾರೂ ಹೇಳಿಕೊಟ್ಟಿಲ್ಲವಲ್ಲ.

ಅವನ ಸ್ನೇಹಿತನೊಬ್ಬ ಸ್ಪೀಕರಿನಲ್ಲಿ ಹಾಡು ಹಾಕಿದ. ಪಂಜುವಿನ ದನಿ ಬಂದದ್ದೇ ತಡ, ರತ್ನಮ್ಮ ಎರಡೂ ಕಿವಿ ಮುಚ್ಚಿಕೊಂಡರು.

‘ಆಫ್ ಮಾಡಪ್ಪ. ಒಳಗಿಂದ ಈಗ ಬತ್ತಾವ್ನೆ ಅನ್ಸುತ್ತೆ.’

ಆ ಹುಡುಗ ಮೊಬೈಲಿನಲ್ಲಿ ಹುಡುಕಾಡಿ, ದನಿಯಿಲ್ಲದ ಬರೀ ಬೀಟ್ ಹಾಕಿದ. ಅದು ಖಾಲಿ ಖಾಲಿಯಾಗಿ ಬಡಿದುಕೊಳ್ಳುತ್ತಿತ್ತು. ಯಾರೂ ಬಾಯಿ ತೆರೆಯಲಿಲ್ಲ.

ಆಮೇಲೆ ನನ್ನ ಪಕ್ಕದಿಂದಲೇ ಶುರುವಾಯಿತು. ‘ಬಾಯ್ ಬುಡು ಬಾಯ್ ಬುಡು ಅಂದ್ರಿ...’

ಅಷ್ಟು ಜನರ ನಡುವೆ ಸಹನಾ ಒಬ್ಬಳೇ. ಎರಡನೇ ಸಾಲಿಗೆ ಹತ್ತು ದನಿ, ಆಮೇಲೆ ಇಡೀ ರಸ್ತೆ. ಕೆಲವರು ಹೇಳುತ್ತಲೇ ಬಿಕ್ಕುತ್ತಿದ್ದರು. ನಾನೂ.

ಹಾಡು ಮುಗಿದ ಮೇಲೆ ರತ್ನಮ್ಮ ಕೈಸನ್ನೆ ಮಾಡಿದರು. ‘ಬಾರವ್ವ ಇಲ್ಲಿ. ನಿಂಗೆ ಎಂಗೆ ಗೊತ್ತು ನಮ್ ಮಂಜ?’

ಸಹನಾ ಅವರ ಮುಂದೆ ಕೂತಳು. ಈಗ ಬೀಟ್ ಇರಲಿಲ್ಲ. ‘ನ... ನ... ನಂ...’ ಸಿಕ್ಕಿಹಾಕಿಕೊಂಡಿತು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಇವಳ ಪರವಾಗಿ ಏನೋ ಹೇಳಲು ಹೊರಟರು. ರತ್ನಮ್ಮ ತಡೆದರು.

‘ನಿಧಾನಕ್ಕೆ ಯೋಳವ್ವ. ಇನ್ಮೇಲೆ ನಂಗೇನೂ ಅರ್ಜೆಂಟಿಲ್ಲ.’

‘ನಂ... ನಂಗೆ ಮಾತು ಬ... ಬರ್ತಿರ್ಲಿಲ್ಲ ಆಂಟಿ. ಅವ... ಅವರ ಹಾಡಲ್ಲಿ ಬಂತು.’

ರತ್ನಮ್ಮ ಇವಳ ಕೈ ಹಿಡಿದುಕೊಂಡರು. ‘ಮನೇಲಿ ಮಾತೇ ಆಡ್ತಿರ್ಲಿಲ್ಲ ಕಣವ್ವ ಅವ್ನು. ಉಂಡ್ಯಾ ಅಂದ್ರೆ ಊಂ ಅನ್ನೋನು. ಇಷ್ಟೊಂದು ಮಾತ ಎಲ್ಲಿ ಮಡಗಿದ್ನೋ.’

ಆಮೇಲೆ ಕೇಳಿದರು: ‘ಅದ್ನೇ ಇನ್ನೊಂದ್ಸಲ ಯೋಳ್ತೀಯಾ? ನಿಧಾನಕ್ಕೆ. ಅವ್ನು ಗಡಗಡ ಅಂದ್ಬುಡೋನು. ನಂಗೊಂದೂ ಅರ್ತ ಆಯ್ತಿರ್ಲಿಲ್ಲ.’

ನಿಧಾನಕ್ಕೆ ಹೇಳುವುದು ಅಂದರೆ ತಾಳ ಬಿಟ್ಟು ಹೇಳುವುದು. ಅಷ್ಟು ಜನರ ಎದುರು, ಒಂದೊಂದು ಅಕ್ಷರವನ್ನೂ ಎಳೆದು ಎಳೆದು.

ಹೇಳಿದಳು. ಪ್ರತಿ ಮಾತೂ ತಡೆಯಿತು. ಪ್ರತಿ ಮಾತಿಗೂ ರತ್ನಮ್ಮ ಕಾದರು. ಬಂದ ಮಾತನ್ನು ತಾವೂ ಒಂದು ಸಲ ಹೇಳಿಕೊಂಡರು, ಮಗ್ಗಿ ಕಲಿಯುವ ಮಗುವಿನ ಹಾಗೆ. ಯಾರೂ ಮೊಬೈಲ್ ಎತ್ತಿ ಹಿಡಿಯಲಿಲ್ಲ. ಕಿವಿಯ ಬೀಗದ ಸಾಲಿಗೆ ಬಂದಾಗ ರತ್ನಮ್ಮ ಸಣ್ಣಗೆ ನಕ್ಕರು. ‘ನಂಗೇ ಅಂದವ್ನೆ, ಬಡ್ಡಿಮಗ’ ಅಂದವರು ಸೆರಗು ಬಾಯಿಗೊತ್ತಿಕೊಂಡು ಅತ್ತರು. ಮೂರು ದಿನದಿಂದ ಅತ್ತೇ ಇರಲಿಲ್ಲವಂತೆ, ಅವರ ತಂಗಿ ಆಮೇಲೆ ನನಗೆ ಹೇಳಿದರು.

ನಾವು ಮನೆಗೆ ಬಂದಾಗ ಯಜಮಾನರು ತಟ್ಟೆ ಹಾಕಿಕೊಂಡು ಕಾಯುತ್ತಿದ್ದರು. ‘ಆ ಹುಡುಗನ ಹಾಡು ಒಂದು ಹಾಕು ಮಗಳೇ, ನಾನೂ ಕೇಳ್ತೀನಿ’ ಅಂದರು. ‘ಈಗ ಬೇ... ಬೇಡಪ್ಪ’ ಅಂದಳು. ಅವರು ಒತ್ತಾಯ ಮಾಡಲಿಲ್ಲ. ತಾವೇ ಅನ್ನ ಬಡಿಸಿದರು.

ಈ ವಾರ ಕಾಲೇಜಿಗೆ ಹೋಗುತ್ತಿದ್ದಾಳೆ. ಮಾತು ಮೊದಲಿಗಿಂತ ಜಾಸ್ತಿ ತಡೆಯುತ್ತಿದೆ. ‘ಇನ್ನೂ ಅದೇ ಗುಂಗಲ್ಲಿದ್ದಾಳಾ?’ ಅಂತ ನಿನ್ನೆ ಬಂದ ನೆಂಟರೊಬ್ಬರು ಕೇಳಿದರು.

ರಕ್ತಸಂಬಂಧಿಕರಾದರೆ ಸೂತಕ ಎಷ್ಟು ದಿನ ಅಂತ ಪುರೋಹಿತರು ಹೇಳುತ್ತಾರೆ; ಇವಳಿಗೆ ಯಾರು ಹೇಳಬೇಕು?