ಇಲ್ಲೇ ಕುಳಿತು ಉಣ್ಣಬೇಕು

ಸರಸಕ್ಕನಿಗೆ ಮದುವೆಯಾಗಲಿಲ್ಲ. ಆದರೆ ಇಪ್ಪತ್ತೆಂಟು ವರ್ಷಗಳಿಂದ ಅವರ ಬದುಕೆಲ್ಲ ಬಸುರಿಯರ, ಬಾಣಂತಿಯರ, ಮಕ್ಕಳ ನಡುವೆಯೇ. ಕಾಪುವಿನ ಮೀನುಗಾರರ ಮನೆಯ ಮಗಳು ಶಂಕರಪುರದ ಅಂಚಿನ ಅಂಗನವಾಡಿಗೆ ಕಾರ್ಯಕರ್ತೆಯಾಗಿ ಬಂದ ಮೊದಲ ವಾರ, ಒಬ್ಬ ಅಜ್ಜಿ ಎಲ್ಲರೆದುರು ಕೇಳಿದ್ದರು: "ನೀನು ಹೆತ್ತವಳಲ್ಲ, ನಿನಗೆ ಇದೆಲ್ಲ ಎಂತ ಗೊತ್ತುಂಟು?"

ಸರಸಕ್ಕನಿಗೆ ಅವಮಾನವಾಗಲಿಲ್ಲ. ಅಜ್ಜಿ ಹೇಳಿದ್ದು ಸರಿ ಎನ್ನಿಸಿತು. ಗೊತ್ತಿಲ್ಲದ್ದನ್ನು ಕೇಳಿಯೇ ತಿಳಿಯಬೇಕೆಂದು ಅಂದಿನಿಂದ ಕೇಳತೊಡಗಿದರು. ಮೂರನೇ ತಿಂಗಳಿನಲ್ಲಿ ಯಾವ ವಾಸನೆ ಆಗುವುದಿಲ್ಲ? ಮಗು ಮೊದಲು ಮಿಸುಕಿದಾಗ ಏನನ್ನಿಸಿತು? ಗಂಡನಿಗೆ ಮೊದಲು ಹೇಳಿದೆಯೋ, ಅಮ್ಮನಿಗೋ? ಊರಿನ ಹೆಂಗಸರು ಮೊದಮೊದಲು ನಾಚಿಕೊಂಡರು, ಆಮೇಲೆ ಅವರಿಗೂ ಅಭ್ಯಾಸವಾಯಿತು. ಇಂಥ ಪ್ರಶ್ನೆಗಳನ್ನು ಬೇರೆ ಯಾರೂ ಕೇಳುತ್ತಿರಲಿಲ್ಲ.

ಬಸುರಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲೇ ಮಧ್ಯಾಹ್ನ ಬಿಸಿಯೂಟ ಕೊಡಬೇಕೆಂಬ ಸರಕಾರದ ಯೋಜನೆ ಬಂದಾಗ ಸರಸಕ್ಕನಿಗೆ ಹೊಸದೊಂದು ಪ್ರಶ್ನೆ ಹುಟ್ಟಿತು. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು. ನಿಯಮದಲ್ಲಿ ಒಂದು ಮಾತು ಮಾತ್ರ ಗಟ್ಟಿಯಾಗಿತ್ತು: ಮನೆಗೆ ಒಯ್ಯುವಂತಿಲ್ಲ, ಇಲ್ಲೇ ಕುಳಿತು ಉಣ್ಣಬೇಕು. ಹಾಜರಿ ಪುಸ್ತಕದಲ್ಲಿ ಹನ್ನೊಂದು ಹೆಸರುಗಳಿದ್ದವು. ಉಣ್ಣಲು ಬರುತ್ತಿದ್ದವಳು ಒಬ್ಬಳೇ.

ಆ ಒಬ್ಬಳು ಶಿಲ್ಪಾ. ಇಪ್ಪತ್ತೆರಡರ ಹುಡುಗಿ, ಚೊಚ್ಚಲ ಬಸುರಿ. ಗಂಡ ಬೀರಪ್ಪ ಕೊಪ್ಪಳದ ಕಡೆಯವನು, ಮಣಿಪಾಲದ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಅತ್ತೆ ಯಂಕವ್ವ, ಭಾವನ ಸಂಸಾರ, ಎಲ್ಲ ಸೇರಿ ಏಳು ಜನ ಹೆಂಚಿನ ಬಾಡಿಗೆ ಮನೆಯೊಂದರಲ್ಲಿದ್ದರು. ಶಿಲ್ಪಾ ಹನ್ನೆರಡೂವರೆಗೆ ಸರಿಯಾಗಿ ಬರುತ್ತಿದ್ದಳು. ಪುಟ್ಟ ಮಕ್ಕಳ ಸಾಲಿನ ಕೊನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಮೊಟ್ಟೆಯನ್ನು ಕೊನೆಗೆ ಉಳಿಸಿಕೊಂಡು ನಿಧಾನವಾಗಿ ಉಣ್ಣುತ್ತಿದ್ದಳು. ಸಹಾಯಕಿ ಬರ್ತಾಬಾಯಿ ಎರಡನೇ ಸಲ ಅನ್ನ ಹಾಕಿದರೆ ಬೇಡವೆನ್ನುತ್ತಿರಲಿಲ್ಲ.

ಉಳಿದ ಹತ್ತು ಮಂದಿ ಯಾಕೆ ಬರುವುದಿಲ್ಲ? ಮೇಲ್ವಿಚಾರಕಿ ಅಕ್ಷಿತಾ ಮೇಡಂ ಪ್ರತಿ ತಿಂಗಳು ಅದನ್ನೇ ಕೇಳುತ್ತಿದ್ದರು. ಅವರ ದನಿಯಲ್ಲಿ ತಪ್ಪು ಸರಸಕ್ಕನದೇ ಎಂಬಂತಿತ್ತು. ಸರಸಕ್ಕ ಒಂದು ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಮನೆಮನೆಗೆ ಹೊರಟರು. ಯಾಕೆ ಬರುವುದಿಲ್ಲ ಎಂದು ಯಾರನ್ನೂ ಕೇಳಲಿಲ್ಲ. ನೀನು ನಿನ್ನೆ ಯಾವಾಗ ಉಂಡೆ, ಎಲ್ಲಿ ಕುಳಿತು ಉಂಡೆ ಎಂದಷ್ಟೇ ಕೇಳಿದರು.

ಒಲಿಂಡಾ ಜಗಲಿಯಲ್ಲಿ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ಆರು ತಿಂಗಳ ಬಸುರಿ, ಎರಡನೇ ಮಗು. ನಸುಕಿನಲ್ಲಿ ಕೊಯ್ದ ಮೊಗ್ಗು ಗೆರಸೆ ತುಂಬ ಇತ್ತು. ಹೂವು ಒಯ್ಯುವವನು ಬರುವುದರೊಳಗೆ ಕಟ್ಟಿ ಮುಗಿಯಬೇಕು.

"ಕುಳಿತಾ?" ಒಲಿಂಡಾ ಕೈ ನಿಲ್ಲಿಸದೆ ನಕ್ಕಳು. "ಇದು ಮುಗಿದ ಮೇಲೆ ಅಡುಗೆ, ಮತ್ತೆ ಮಾವನಿಗೆ ಬಡಿಸಲಿಕ್ಕುಂಟು, ಮಗುವನ್ನು ಶಾಲೆಯಿಂದ ತರಲಿಕ್ಕುಂಟು. ನಾನು ಉಣ್ಣುವಾಗ ಮೂರು ಗಂಟೆ. ನಿಂತುಕೊಂಡೇ ಉಣ್ಣುವುದು, ಸರಸಕ್ಕ. ನಿಮ್ಮಲ್ಲಿಗೆ ಬರಲಿಕ್ಕೆ ಇಪ್ಪತ್ತು ನಿಮಿಷ, ಹೋಗಲಿಕ್ಕೆ ಇಪ್ಪತ್ತು ನಿಮಿಷ. ಹೊಟ್ಟೆಗೆ ಸಿಕ್ಕಿದ್ದು ನಡೆದೇ ಕರಗುತ್ತದೆ, ಅಲ್ವಾ?"

ಇನ್ನಂಜೆಯ ದಾರಿಯ ಮನೆಯೊಂದರಲ್ಲಿ ಅತ್ತೆಯೇ ಉತ್ತರ ಕೊಟ್ಟರು: "ನಮ್ಮಲ್ಲಿ ಅಕ್ಕಿ ಇಲ್ವಾ? ಸೊಸೆಯನ್ನು ಸರಕಾರದ ಊಟಕ್ಕೆ ಕಳಿಸಿದರೆ ಜನ ಎಂತ ಹೇಳಿಯಾರು?" ಸೊಸೆ ಬಾಗಿಲ ಹಿಂದೆ ನಿಂತಿದ್ದಳು. ಅವಳು ಎಷ್ಟು ಹೊತ್ತಿಗೆ ಉಣ್ಣುತ್ತಾಳೆಂದು ಆ ಅತ್ತೆಗೇ ಗೊತ್ತಿರಲಿಲ್ಲ.

ಸರಸಕ್ಕ ಇದನ್ನೆಲ್ಲ ಬರೆದು ಅಕ್ಷಿತಾ ಮೇಡಂಗೆ ಕೊಟ್ಟರು. ಬೇರೆ ಕೇಂದ್ರಗಳಿಂದಲೂ ಇಂಥದೇ ದೂರು ಹೋಗಿತ್ತೋ ಏನೋ, ಕೆಲವು ವಾರಗಳಲ್ಲಿ ಮೇಲಿನಿಂದ ಹೊಸ ಸೂಚನೆ ಬಂತು. ಇನ್ನು ಬಸುರಿ ಬಾಣಂತಿಯರಿಗೆ ಕೇಂದ್ರದಲ್ಲಿ ಊಟ ಬೇಯಿಸುವುದು ಬೇಡ, ಅಕ್ಕಿ, ಬೇಳೆ, ಮೊಟ್ಟೆ, ಹಾಲಿನ ಪುಡಿಯನ್ನು ತಾಯಂದಿರು ಮನೆಗೆ ಒಯ್ಯಲಿ. ಹಂಚುವ ದಿನ ಹನ್ನೊಂದೂ ಮನೆಯವರು ಬಂದರು. ಮಾನ ಹೋಗುತ್ತದೆಂದ ಅತ್ತೆಯೂ ಚೀಲ ಹಿಡಿದು ಬಂದರು. ಪುಸ್ತಕ ತುಂಬಿತು, ಅಕ್ಷಿತಾ ಮೇಡಂ ಸಂತೋಷಪಟ್ಟರು.

ಸರಸಕ್ಕನಿಗೂ ಸಂತೋಷವೇ. ಆದರೆ ಮನೆಗೆ ಹೋದ ಮೊಟ್ಟೆಯನ್ನು ಯಾರು ತಿನ್ನುತ್ತಾರೆ? ಅದನ್ನು ತಿಳಿಯುವುದು ಹೇಗೆ? ತಿಂಗಳ ಕೊನೆಯಲ್ಲಿ ತೂಕ ನೋಡುವ ದಿನ ಅವರು ತಾಯಿ ಕಾರ್ಡುಗಳನ್ನೆಲ್ಲ ಸಾಲಾಗಿ ಹರಡಿಕೊಂಡು ಕುಳಿತರು. ಒಲಿಂಡಾಳ ತೂಕ ಚೆನ್ನಾಗಿ ಏರಿತ್ತು. ಹೂ ಕಟ್ಟುತ್ತಲೇ ಹತ್ತು ಗಂಟೆಗೆ ಒಂದು ಲೋಟ ಹಾಲು ಕುಡಿಯುತ್ತೇನೆ ಎಂದಳು. ಉಳಿದವರದ್ದೂ ಪರವಾಗಿಲ್ಲ. ಐದನೇ ತಿಂಗಳಿನಿಂದ ಏಳನೆಯದರವರೆಗೆ ಮೂರು ಕಿಲೋ ಏರಿದ್ದ ಶಿಲ್ಪಾ ಮಾತ್ರ ಈ ತಿಂಗಳು ಇನ್ನೂರು ಗ್ರಾಂ ಏರಿದ್ದಳು.

ತೂಕದ ಯಂತ್ರ ಕೆಟ್ಟಿರಬಹುದೆಂದು ಸರಸಕ್ಕ ತಾವೇ ಹತ್ತಿ ನೋಡಿದರು. ಕೆಟ್ಟಿರಲಿಲ್ಲ.

"ಮೊಟ್ಟೆ ತಿಂತೀಯಾ?"

ಶಿಲ್ಪಾ ನೆಲ ನೋಡಿದಳು. "ಭಾವನ ಮಕ್ಕಳು ಸಣ್ಣವು ಅದಾವ್ರಿ. ಅವು ನೋಡಿಕೋತ ಕುಂತಾಗ ನಾ ಒಬ್ಬಾಕಿನ ಹೆಂಗ ತಿನ್ನಲಿ?"

ಸರಸಕ್ಕನಿಗೆ ಆಗ ಅರ್ಥವಾಯಿತು. ಇಲ್ಲೇ ಕುಳಿತು ಉಣ್ಣಬೇಕೆಂಬ ಆ ಗಟ್ಟಿ ನಿಯಮ ಬೇಕಾಗಿದ್ದದ್ದೇ ಈ ಹುಡುಗಿಗೆ. ಇಲ್ಲಿ ಅವಳ ತಟ್ಟೆಯನ್ನು ನೋಡುತ್ತ ಕೂರುವವರು ಯಾರೂ ಇರಲಿಲ್ಲ. ಹತ್ತು ಮಂದಿಯನ್ನು ದೂರವಿಟ್ಟ ಮಾತು ಇವಳೊಬ್ಬಳ ಹೊಟ್ಟೆ ತುಂಬಿಸುತ್ತಿತ್ತು.

ಮರುದಿನ ಸಂಜೆ ಸರಸಕ್ಕ ಹೆಂಚಿನ ಮನೆಗೆ ಹೋದರು. ಯಂಕವ್ವ ಅಂಗಳದಲ್ಲಿ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಸೊಸೆಯ ವಿಷಯ ಎಂದೊಡನೆ ಅವಳ ಮುಖ ಬಿಗಿಯಾಯಿತು. "ನಾವೇನ ಆಕೀನ ಉಪವಾಸ ಕೆಡವೀವೇನ್ರಿ? ಬಂದದ್ದು ಒಂದ ಗಡಿಗ್ಯಾಗ ಹಾಕ್ತೀವಿ. ಎಲ್ಲಾರೂ ಹಂಚಿಕೊಂಡು ಉಣ್ತೀವಿ."

ಅದರಲ್ಲಿ ಸರಸಕ್ಕನಿಗೂ ತಪ್ಪು ಕಾಣಲಿಲ್ಲ. ತಮ್ಮ ಅಭ್ಯಾಸದಂತೆ ಕೇಳಿದರು: "ಬೀರಪ್ಪ ಹೊಟ್ಟೆಯಲ್ಲಿದ್ದಾಗ ನಿಮಗೆ ಎಂತ ತಿನ್ನಬೇಕು ಅಂತ ಆಸೆ ಆಗಿತ್ತು?"

ಜರಡಿ ನಿಂತಿತು. ಯಂಕವ್ವ ಏನೋ ಹುಡುಕುವವಳಂತೆ ಅಂಗಳದಾಚೆ ನೋಡಿದಳು.

"ಹಿಂಗ ಯಾರೂ ಕೇಳಿದ್ದಿಲ್ಲರಿ," ಎಂದಳು. "ಬೆಲ್ಲ ಹಾಕಿದ ಗೋಧಿ ಹುಗ್ಗಿ. ಒಂದ ಸಲ ಮಾಡಿದ್ರು, ಹಬ್ಬಕ್ಕ. ಎಲ್ಲಾರಿಗೂ ನೀಡಿ ನಾ ಹೋಗೂದ್ರಾಗ ಗಡಿಗಿ ಬರಿದಾಗಿತ್ತು. ಕೆರೆದು ತಿಂದೆ." ಅವಳು ನಕ್ಕಳು. "ಬೀರ್ಯಾ ಹುಟ್ಟಿದಾಗ ಅಂಗೈಯಷ್ಟ ಇದ್ದ."

ಸರಸಕ್ಕ ಚಹಾ ಕುಡಿದು ಕೊನೆಯ ಬಸ್ಸು ಹೋಗುವ ಮೊದಲೇ ಕಾಪುವಿಗೆ ಹೊರಟರು.

ಎರಡು ದಿನ ಕಳೆದು ಯಂಕವ್ವ ಶಿಲ್ಪಾಳನ್ನು ಕರೆದುಕೊಂಡು ಅಂಗನವಾಡಿಗೆ ಬಂದಳು. ಕೈಯಲ್ಲಿ ಸೊಸೆಯ ಪಾಲಿನ ಅಕ್ಕಿ, ಬೇಳೆ, ಉಳಿದಿದ್ದ ಒಂಬತ್ತು ಮೊಟ್ಟೆ. "ಇದನ್ನ ಇಲ್ಲೇ ಕುದಿಸಿ ಹಾಕ್ರಿ," ಎಂದು ಬರ್ತಾಬಾಯಿಯ ಮುಂದೆ ಇಟ್ಟಳು. "ಮನ್ಯಾಗ ನನ್ನ ಕೈಲೆ ಆಗಂಗಿಲ್ಲ. ಮಕ್ಕಳು ಕೇಳಿದರ ನಾನೂ ಕೊಟ್ಟಬಿಡ್ತೀನಿ." ಅಂದು ಶಿಲ್ಪಾ ಉಂಡು ಮುಗಿಸುವವರೆಗೆ ಅವಳು ಬಾಗಿಲಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದಳು.

ಹಾಗೆ ಬೇಯಿಸಬಹುದೋ ಇಲ್ಲವೋ ಎಂದು ಯಾರಿಗೂ ಗೊತ್ತಿರಲಿಲ್ಲ. ಸರಸಕ್ಕ ಮುಚ್ಚಿಡದೆ ಅಕ್ಷಿತಾ ಮೇಡಂಗೆ ಫೋನು ಮಾಡಿದರು.

"ನಿಯಮ ಮನೆಗೆ ಕೊಡಿ ಅಂತ ಉಂಟು, ಸರಸಕ್ಕ."

"ಕೊಟ್ಟಾಯ್ತಲ್ಲ ಮೇಡಂ. ಅವರು ಮನೆಗೆ ಒಯ್ದು ಪುನಃ ತಂದಿದ್ದಾರೆ. ಪುನಃ ತಂದರೆ ಎಂತ ಮಾಡಬೇಕು ಅಂತ ಬರೆದದ್ದು ಉಂಟಾ?"

"ಇದನ್ನು ಈವರೆಗೆ ಯಾರೂ ಕೇಳಲಿಲ್ಲ," ಎಂದರು ಅಕ್ಷಿತಾ. "ಹುಡುಗಿಯ ತೂಕ ವಾರವಾರ ಬರೆದಿಡಿ. ಉಡುಪಿಯ ಸಭೆಯಲ್ಲಿ ನಾನು ಕೇಳಿ ನೋಡುತ್ತೇನೆ."

ಸಭೆಯಲ್ಲಿ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಅಷ್ಟರಲ್ಲಿ ಶಿಲ್ಪಾಳ ಹೊಟ್ಟೆ ಮುಂದೆ ಬಂದಿತ್ತು, ತೂಕವೂ ವಾರಕ್ಕೆ ಅರ್ಧ ಕಿಲೋದಂತೆ ಏರಿತ್ತು. ಇನ್ನಂಜೆ ದಾರಿಯ ಆ ಸೊಸೆಯೂ ಒಂದು ದಿನ ತನ್ನ ಅಕ್ಕಿ ತಂದು, "ಅತ್ತೆ ಕಳಿಸಿದ್ದಲ್ಲ, ನಾನೇ ಬಂದೆ," ಎಂದು ಶಿಲ್ಪಾಳ ಪಕ್ಕ ಕುಳಿತಳು. ಅವಳು ಒಂದು ವಾರ ಬಂದಳು, ಮತ್ತೆ ಬರಲಿಲ್ಲ. ಯಾಕೆಂದು ಸರಸಕ್ಕ ಕೇಳಲು ಹೋದಾಗ ಅವಳು ತವರಿಗೆ ಹೋಗಿಯಾಗಿತ್ತು.

ಶಿಲ್ಪಾಳಿಗೆ ಉಡುಪಿಯ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಎರಡು ಕಿಲೋ ಒಂಬೈನೂರು ಗ್ರಾಂ. ಯಂಕವ್ವ ಯಾರದೋ ಫೋನಿನಿಂದ ಕರೆ ಮಾಡಿ ಅಷ್ಟನ್ನೇ ಹೇಳಿದಳು, ಹೆಸರು ಏನಿಡಬೇಕೆಂದು ಸರಸಕ್ಕನನ್ನೇ ಕೇಳಿದಳು. ಕೇಳುವುದೇ ರೂಢಿಯಾಗಿದ್ದ ಸರಸಕ್ಕನಿಗೆ ಉತ್ತರ ಹೊಳೆಯಲು ಒಂದು ದಿನ ಬೇಕಾಯಿತು. ಧೃತಿ ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಷಿತಾ ಮೇಡಂ ತಮ್ಮ ವೃತ್ತದ ಕೇಂದ್ರಗಳಿಗೆ ಒಂದು ಹಾಳೆ ಕಳಿಸಿದರು. ತಾಯಂದಿರು ಎಲ್ಲಿ ಉಣ್ಣಲು ಬಯಸುತ್ತಾರೆ, ಮನೆಯೋ ಕೇಂದ್ರವೋ, ಅವರನ್ನೇ ಕೇಳಿ ಬರೆಯಿರಿ ಎಂದಿತ್ತು. ಸರಸಕ್ಕ ಆ ಹಾಳೆ ಹಿಡಿದು ಮತ್ತೆ ಮನೆಮನೆಗೆ ಹೋದರು. ಒಲಿಂಡಾ ತೊಡೆಯ ಮೇಲೆ ಎರಡು ತಿಂಗಳ ಮಗುವನ್ನು ಮಲಗಿಸಿಕೊಂಡೇ ಹೂ ಕಟ್ಟುತ್ತಿದ್ದಳು.

"ನನ್ನದು ಮನೆ. ಅದು ಗೊತ್ತುಂಟಲ್ಲ," ಎಂದಳು. ಸರಸಕ್ಕ ಬರೆಯಲು ಬಗ್ಗಿದಾಗ ತಡೆದಳು. "ನಿಲ್ಲಿ. ಶನಿವಾರ ಮಾತ್ರ ಕೇಂದ್ರ ಅಂತ ಬರೆಯಲಿಕ್ಕೆ ಜಾಗ ಉಂಟಾ?"

"ಶನಿವಾರ ಯಾಕೆ?"

"ಶನಿವಾರ ಇವರು ಮನೆಯಲ್ಲಿರುತ್ತಾರೆ, ಮಕ್ಕಳನ್ನು ನೋಡಿಕೊಳ್ಳುತ್ತಾರೆ. ವಾರಕ್ಕೆ ಒಂದು ದಿನ ಬೇರೆಯವರು ಬಡಿಸಿದ್ದನ್ನು ಕೂತು ಉಣ್ಣಬೇಕು ಅಂತ."

ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಸರಸಕ್ಕ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದುಕೊಂಡು ಮುಂದಿನ ಮನೆಗೆ ನಡೆದರು.