ವೇಲಚೇರಿಯಲ್ಲಿ ಬೋಕ್ ಚಾಯ್ ಸೂಪು

ಮೈಸೂರಿನಲ್ಲಿ ಬೆಳಗಿನ ರೈಲು ಹತ್ತಿದವಳು ಮಧ್ಯಾಹ್ನ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದೆ. ಬಿಸಿಗಾಳಿ ಮುಖಕ್ಕೆ ರಾಚಿತು. ತಂಗಿಯ ಮಗಳು ಮೇಘನಾ ಮೂರು ತಿಂಗಳ ಬಸುರಿ. ತಂಗಿಗೆ ಮಂಡಿನೋವು, ಹಾಗಾಗಿ ನಾನು ಹೊರಟಿದ್ದೆ. ಹುಡುಗಿಗೆ ನೀರೂ ನಿಲ್ಲುತ್ತಿರಲಿಲ್ಲ. ನಾಳೆಯೊಳಗೆ ಹೊಟ್ಟೆಯಲ್ಲಿ ಏನೂ ನಿಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕೆಂದು ಡಾಕ್ಟರು ಹೇಳಿದ್ದರಂತೆ.

ರೈಲಿನಲ್ಲಿರುವಾಗಲೇ ಅವಳ ಫೋನು ಬಂದಿತ್ತು. ಆಫೀಸಿನ ಕೆಲಸಕ್ಕೆ ಸಿಂಗಪುರಕ್ಕೆ ಹೋದಾಗ ಕುಡಿದಿದ್ದ ಬೋಕ್ ಚಾಯ್ ಸೂಪೊಂದೇ ಅವಳಿಗೆ ಬೇಕೆನಿಸಿತ್ತು. ಆ ಸೊಪ್ಪು ಅಣ್ಣಾ ನಗರದ ಅಂಗಡಿಯೊಂದರಲ್ಲಿ ಸಿಗುತ್ತದೆಂದಳು. ಮೆಟ್ರೊ ಹಿಡಿದು ಹೋದೆ. ಒಳಗೆ ಎಂಥ ತಂಪು, ಇಳಿಯಲು ಮನಸ್ಸೇ ಬರಲಿಲ್ಲ. ಅಂಗಡಿಯಲ್ಲಿ ಎರಡೇ ಕಟ್ಟು ಉಳಿದಿದ್ದವು. ಚಮಚದಂಥ ಹಸಿರೆಲೆ, ದಪ್ಪ ಬಿಳಿ ದಂಟು, ನಮ್ಮ ಮೂಲಂಗಿ ಸೊಪ್ಪಿನ ಶ್ರೀಮಂತ ನೆಂಟನ ಹಾಗೆ. ಎರಡನ್ನೂ ಕೊಂಡು ಸೆಂಟ್ರಲ್‌ಗೆ ಮರಳಿ, ಹತ್ತು ರೂಪಾಯಿ ಟಿಕೆಟ್ಟಿನ ಲೋಕಲ್ ರೈಲಿನಲ್ಲಿ ವೇಲಚೇರಿ ಸೇರಿದೆ.

ಮೇಘನಾಳ ಅತ್ತೆ ವಸುಂಧರಮ್ಮ ತಲೆಮಾರುಗಳಿಂದ ಮದರಾಸಿನಲ್ಲೇ ಇರುವ ಕನ್ನಡದ ವೈಷ್ಣವ ಮನೆಯವರು. ಈರುಳ್ಳಿ ಬೆಳ್ಳುಳ್ಳಿ ಅಡಿಗೆಮನೆ ಕಂಡಿಲ್ಲ. ಸೊಪ್ಪನ್ನು ತಿರುಗಿಸಿ ಮುರುಗಿಸಿ ನೋಡಿ ಒಪ್ಪಿದರು. ಶುಂಠಿ ಕುದಿಸಿ, ಮೊದಲು ದಂಟು, ಕೊನೆಗೆ ಎಲೆ ಹಾಕಿದೆವು. ಇನ್ನೇನು ಇಳಿಸಬೇಕು, ಅವರು ಅಭ್ಯಾಸಬಲದಿಂದ ತುಪ್ಪ ಕಾಯಿಸಿದರು. ನಾನೂ ಅಷ್ಟೇ ಸಹಜವಾಗಿ ಸಾಸಿವೆ ಡಬ್ಬಿ ಕೈಗಿತ್ತೆ. ಇಂಗಿನ ಒಗ್ಗರಣೆ ಚೊರ್ ಎಂದದ್ದೇ ತಡ, ಹುಡುಗಿ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು.

ಅವಳ ಗಂಡ ಶ್ರೀನಿಧಿ ಕಾರಿನ ಕೀಲಿ ತೆಗೆದುಕೊಂಡ. ಈಗಲೇ ಆಸ್ಪತ್ರೆಗೆ ಹೋಗೋಣ ಎಂದ. ಇನ್ನೊಂದು ಕಟ್ಟು ಸೊಪ್ಪಿದೆ, ಸ್ವಲ್ಪ ತಾಳಪ್ಪ ಎಂದು ಬೇಡಿಕೊಂಡೆ. ಕಿಟಕಿಗಳನ್ನೆಲ್ಲ ತೆರೆದು, ಒಗ್ಗರಣೆ ಸೌಟನ್ನು ಬಾಲ್ಕನಿಗೆ ಸಾಗಿಸಿ ಮತ್ತೆ ಶುರುಮಾಡಿದೆ. ಈ ಸಲ ಮೈಸೂರಿನಿಂದ ತಂದಿದ್ದ ಅಕ್ಕಿ ಶಾವಿಗೆಯನ್ನೂ ಸೇರಿಸಿ, ಮೇಲೆ ನಾಲ್ಕು ಹನಿ ಸೋಯಾ ಸಾಸ್ ಬಿಟ್ಟೆ.

ವಸುಂಧರಮ್ಮನಿಗೆ ಸಂಕಟ. "ಕೊಂಚ ಪೆರುಂಗಾಯ ಕೂಡ ಬೇಡವಾ? ಬರೀ ಪಚ್ಚತ್ತಣ್ಣಿ ಆಯ್ತಲ್ಲಾ ಇದು."

"ಸಪ್ಪೆ ನೀರಾದ್ರೂ ಸರಿ, ಇಂಗಿನ ಸುದ್ದಿಯೇ ಬೇಡ. ನೀವು ಕೈ ಕಟ್ಕೊಂಡಿರಿ, ನಾನೂ ಕಟ್ಕೋತೀನಿ."

ಮೇಘನಾ ಒಂದು ಚಮಚ ಕುಡಿದಳು. ನಾವು ಮೂವರೂ ಅವಳ ಗಂಟಲನ್ನೇ ನೋಡುತ್ತ ನಿಂತೆವು.

"ಹೀಗೆ ದಿಟ್ಟಿಸಿದ್ರೆ ಹೇಗೆ ಇಳಿಯತ್ತೆ ದೊಡ್ಡಮ್ಮ? ಎಲ್ಲ ಆಚೆ ಟೀವಿ ನೋಡ್ರಪ್ಪ."

ಹೊರಗೆ ಬಂದು, ಹಾಕದೇ ಇದ್ದ ಟೀವಿಯನ್ನು ನೋಡುತ್ತ ಕುಳಿತೆವು. ಬಟ್ಟಲಿಗೆ ಚಮಚ ತಾಗುವ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಬಚ್ಚಲಿನ ಬಾಗಿಲು ಸದ್ದು ಮಾಡೀತೆಂದು ಕಾದೆವು, ಮಾಡಲಿಲ್ಲ. ಇಣುಕಿದರೆ ಬಟ್ಟಲು ಖಾಲಿ, ಹುಡುಗಿ ಗೋಡೆ ಕಡೆ ತಿರುಗಿ ನಿದ್ದೆಹೋಗಿದ್ದಳು. ಶ್ರೀನಿಧಿ ಕೀಲಿಯನ್ನು ಮೊಳೆಗೆ ತೂಗುಹಾಕಿದ. ಬೀಗಿತ್ತಿಯರಿಬ್ಬರೂ ಮೊದಲು ಮಾಡಿದ ಒಗ್ಗರಣೆಯ ಸೂಪನ್ನು ಅನ್ನಕ್ಕೆ ಸುರಿದುಕೊಂಡು ಹೊಟ್ಟೆತುಂಬ ಉಂಡೆವು.

ಡ್ರಿಪ್ ಸದ್ಯಕ್ಕೆ ಬೇಡ ಎಂದರು ಡಾಕ್ಟರು ಮರುದಿನ. ಶ್ರೀನಿಧಿ ಅಣ್ಣಾ ನಗರಕ್ಕೆ ಹೋಗಿ ಚೀಲದ ತುಂಬ ಸೊಪ್ಪು ತಂದ. ವಾರ ಕಳೆದು ನಾನು ಹೊರಟ ದಿನ ತಿರುವಿನಲ್ಲಿ ಆಟೊದಿಂದ ಹಿಂತಿರುಗಿ ನೋಡಿದೆ. ವಸುಂಧರಮ್ಮ ತಟ್ಟೆ ಹಿಡಿದು ಗೇಟಿನ ತನಕ ಬಂದಿದ್ದರು. ಮೇಘನಾ ಒಂದು ಕೈಯಲ್ಲಿ ನನಗೆ ಟಾಟಾ ಮಾಡುತ್ತ, ಇನ್ನೊಂದರಲ್ಲಿ ಆ ತಟ್ಟೆಯ ಇಡ್ಲಿ ಮುರಿಯುತ್ತಿದ್ದಳು.