ಪೂಜೆಗೆ ಕೂತ ಎರಡನೆಯ ಪ್ರತಿ

೨೦೨೩ನೆಯ ಇಸವಿ, ಆಗ ನನಗೆ ಐವತ್ತೊಂದು ವರ್ಷ. ಮಾಲೂರಿನ ಇಟ್ಟಿಗೆ ಗೂಡುಗಳ ಕಾರ್ಮಿಕರನ್ನು ಕುರಿತು ನನ್ನ ಹೆಂಡತಿ ವರ್ಷಗಟ್ಟಲೆ ಬರೆದ ಪಿಎಚ್‌ಡಿ ಪ್ರಬಂಧವು ಕೋಲಾರದ ನಮ್ಮ ಮನೆಯ ಕಂಪ್ಯೂಟರಿನಲ್ಲಿತ್ತು. ಪ್ರತಿ ಭಾನುವಾರ ನಾನು ಇಡೀ ಕಂಪ್ಯೂಟರಿನ ಬ್ಯಾಕಪ್ಪನ್ನು ಬೇರೊಂದು ಡಿಸ್ಕಿಗೆ ತೆಗೆದು ಬೀರುವಿನಲ್ಲಿಡುತ್ತಿದ್ದೆ. ಎರಡೂ ಒಂದೆಡೆ ಇರಬಾರದೆಂಬುದು ನಾನೇ ಮಾಡಿದ ನಿಯಮ.

ಆಯುಧಪೂಜೆಯ ದಿನ ಅದನ್ನು ನಾನೇ ಮುರಿದೆ. ದುಡಿಯುವ ವಸ್ತುವಿಗೆ ಪೂಜೆ ತಪ್ಪಬಾರದೆಂದು ಡಿಸ್ಕನ್ನೂ ಕಂಪ್ಯೂಟರಿನ ಪಕ್ಕದಲ್ಲಿಟ್ಟು, ಕುಂಕುಮ ಹಚ್ಚಿ, ಅವುಗಳೆದುರೇ ತೆಂಗಿನಕಾಯಿ ಒಡೆದೆ. ಕಾಯಿ ನೀರು ಎರಡರ ಮೇಲೂ ಚಿಮ್ಮಿ, ಚಾಲೂ ಇದ್ದ ಕಂಪ್ಯೂಟರ್ ಆರಿಹೋಯಿತು.

"ಇನ್ನೊಂದು ಕಾಯಿ ಒಡೀರಿ, ಪೂರ್ತಿ ಮೋಕ್ಷ ಸಿಗ್ಲಿ," ಎಂದಳು ಹೆಂಡತಿ. ಪ್ರಬಂಧ ಒಪ್ಪಿಸಲು ಆ ವಾರವೇ ಕೊನೆ.

ಕಂಪ್ಯೂಟರಿನೊಳಗಿನ ಡಿಸ್ಕ್ ಕೆಟ್ಟಿತ್ತು; ಅಂಗಡಿಯವನು ಹೊಸದನ್ನು ಹಾಕಿಕೊಟ್ಟ. ಬ್ಯಾಕಪ್ ಡಿಸ್ಕನ್ನು ಫ್ಯಾನಿನ ಕೆಳಗೆ ಗುರುವಾರದವರೆಗೆ ಒಣಗಿಸಿ, ಅಂದು ಬೆಳಿಗ್ಗೆ ಕಂಪ್ಯೂಟರಿಗೆ ಜೋಡಿಸಿದೆ. ಸದ್ದೇ ಇಲ್ಲ. ಅದರ ತಂತಿ ಸಿಕ್ಕಿಸುವ ಬಾಯಲ್ಲಿ ಅಂಟಿದ್ದ ಕುಂಕುಮವನ್ನು ಬ್ರಷ್ಷಿನಿಂದ ತೆಗೆದ ಮೇಲೆ ತಿರುಗತೊಡಗಿತು. ಅದರಲ್ಲಿದ್ದುದನ್ನೆಲ್ಲ ಹೊಸ ಡಿಸ್ಕಿಗೆ ಮರಳಿಸತೊಡಗಿದೆ. ಆಪರೇಟಿಂಗ್ ಸಿಸ್ಟಂ ಮರಳುತ್ತಿರುವುದನ್ನು ತೋರಿಸುವ ಪಟ್ಟಿ ತೆರೆಯ ಮೇಲೆ ಅರ್ಧಕ್ಕೆ ಬಂದು ನಿಂತಿತು.

"ಮುಟ್ಬೇಡಿ. ಊದಿನಕಡ್ಡೀನೂ ಹಚ್ಬೇಡಿ!"

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತೆ. ಬಹಳ ಹೊತ್ತಿನ ಮೇಲೆ ಪಟ್ಟಿ ಅಲುಗಿತು. ಕಂಪ್ಯೂಟರ್ ಮತ್ತೆ ಚಾಲೂ ಆದಾಗ ಪ್ರಬಂಧವು ಪೂಜೆಯ ಹಿಂದಿನ ದಿನ ಇದ್ದಂತೆಯೇ ಇಡಿಯಾಗಿ ತೆರೆದುಕೊಂಡಿತು. ಅವಳು ಕೊನೆಯ ಪುಟದವರೆಗೂ ನೋಡಿ, ಡಿಸ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ತಾನೇ ಇಟ್ಟುಕೊಂಡಳು. ಅಂದು ೨೦೨೩ರ ಅಕ್ಟೋಬರ್ ೨೬.